ತೋಟದ ಸೆನ್ಸರ್‌ನಿಂದ ಫೋನಿನ ಡ್ಯಾಶ್‌ಬೋರ್ಡ್‌ವರೆಗೆ: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರ: ಎರಡು ಎಕರೆ ಅಡಿಕೆ ತೋಟಕ್ಕೆ ಡ್ರಿಪ್ ಹಾಕಿಸಿದ್ದೇವೆ. ನಾಲ್ಕು ಕಡೆ ಮಣ್ಣಿನ ತೇವ ಎಷ್ಟಿದೆ ಎಂದು ಬೆಂಗಳೂರಿನಲ್ಲಿ ಕೂತು ನೋಡಬೇಕು. ಏನೇನು ಬೇಕು? ನಡುವೆ ಈ ಎಂಕ್ಯೂಟಿಟಿ ಯಾಕೆ? (ತೀರ್ಥಹಳ್ಳಿ)

ಉ: ತೋಟದಲ್ಲಿ ಒಂದೊಂದು ಜಾಗಕ್ಕೂ ಒಂದು ಇಎಸ್‌ಪಿ32 ಬೋರ್ಡ್ (ವೈಫೈ ಇರುವ ಸಣ್ಣ ನಿಯಂತ್ರಕ), ಒಂದು ಕೆಪ್ಯಾಸಿಟಿವ್ ತೇವಾಂಶ ಸೆನ್ಸರ್, ಒಂದು 18650 ಲಿಥಿಯಂ ಸೆಲ್, ನೀರು ನುಗ್ಗದ ಡಬ್ಬಿ ಬೇಕು. ಇನ್ನೊಂದು ತುದಿಗೆ ಬಾಡಿಗೆಯ ಸಣ್ಣ ಕ್ಲೌಡ್ ಸರ್ವರ್ ಒಂದಿದ್ದರೆ ಸಾಕು. ಸಂದೇಶ ಸ್ವೀಕರಿಸುವ ಬ್ರೋಕರ್ ಆಗಿ ಮಾಸ್ಕಿಟೊ, ಅಲ್ಲಿಂದ ಅಂಕಿ ಎತ್ತಿಕೊಳ್ಳಲು ಟೆಲಿಗ್ರಾಫ್, ಕೂಡಿಡಲು ಇನ್‌ಫ್ಲಕ್ಸ್‌ಡಿಬಿ, ತೋರಿಸಲು ಗ್ರಫಾನಾ. ನಾಲ್ಕು ನೋಡ್‌ಗಳ (ಬೋರ್ಡ್, ಸೆನ್ಸರ್, ಸೆಲ್ ಸೇರಿದ ಒಂದೊಂದು ಘಟಕ) ಕೆಲಸಕ್ಕೆ 2 ಜಿಬಿ ರ‍್ಯಾಮ್ ಧಾರಾಳ.

ಎಂಕ್ಯೂಟಿಟಿ ಎಂದರೆ ಸಾಧನಗಳು ಬ್ರೋಕರ್ ಮೂಲಕ ಚಿಕ್ಕ ಸಂದೇಶ ಕಳಿಸಿಕೊಳ್ಳುವ ನಿಯಮಾವಳಿ. ಅದನ್ನು 1999ರಲ್ಲಿ ಐಬಿಎಂನ ಆ್ಯಂಡಿ ಸ್ಟ್ಯಾನ್‌ಫರ್ಡ್-ಕ್ಲಾರ್ಕ್ ಮತ್ತು ಆರ್ಕಾಮ್ ಕಂಪನಿಯ ಆರ್ಲೆನ್ ನಿಪ್ಪರ್ ರೂಪಿಸಿದ್ದು ತೈಲ ಪೈಪ್‌ಲೈನ್‌ಗಳ ಅಂಕಿಗಳನ್ನು ಉಪಗ್ರಹದ ಮೂಲಕ ತರಿಸಲು. ಸಂಪರ್ಕ ದುಬಾರಿ, ಆಗಾಗ ಕಡಿಯುವಂಥದ್ದು ಎಂದು ಒಪ್ಪಿಕೊಂಡೇ ಮಾಡಿದ್ದು. ಹಾಗಾಗಿ ಮಲೆನಾಡಿನ ತೋಟಕ್ಕೆ ಚೆನ್ನಾಗಿ ಒಗ್ಗುತ್ತದೆ. ಇನ್ನೊಂದು ಅನುಕೂಲ: ನೋಡ್ ತಾನಾಗಿ ಹೊರಗೆ ಹೋಗಿ ಬ್ರೋಕರ್ ಬಾಗಿಲು ತಟ್ಟುವುದರಿಂದ, ಮನೆಯ ಇಂಟರ್‌ನೆಟ್‌ಗೆ ಪಬ್ಲಿಕ್ ಐಪಿ (ಹೊರಗಿನಿಂದ ನೇರವಾಗಿ ತಲುಪಬಹುದಾದ ವಿಳಾಸ) ಇಲ್ಲದಿದ್ದರೂ ನಡೆಯುತ್ತದೆ.

ಸೆನ್ಸರ್ ಕೊಳ್ಳುವಾಗ ಅದರ ಮೇಲಿನ ಎಂಟು ಕಾಲಿನ ಚಿಪ್ ಓದಿ. ಟಿಎಲ್‌ಸಿ555 ಎಂದಿರಬೇಕು. ಅಗ್ಗದ ಕೆಲವು ಪ್ರತಿಗಳಲ್ಲಿ ಎನ್‌ಇ555 ಇರುತ್ತದೆ. ಅದಕ್ಕೆ ಕನಿಷ್ಠ 4.5 ವೋಲ್ಟ್ ಬೇಕು, 3.3ರಲ್ಲಿ ಕೊಡುವ ಅಂಕಿಗೆ ಅರ್ಥವಿಲ್ಲ. ಎರಡು ಲೋಹದ ಕಡ್ಡಿಗಳ ರೆಸಿಸ್ಟಿವ್ ಸೆನ್ಸರ್ ಅಂತೂ ಬೇಡವೇ ಬೇಡ, ಮಣ್ಣಿನಲ್ಲಿ ಬೇಗ ಸವೆದುಹೋಗುತ್ತದೆ. ಕೆಪ್ಯಾಸಿಟಿವ್ ಪಟ್ಟಿಯ ಅಂಚುಗಳಿಗೆ ಲೇಪನ ಇರುವುದಿಲ್ಲ, ನೀರು ಅಲ್ಲಿಂದಲೇ ಒಳಗೆ ಹೋಗುತ್ತದೆ. ಅಂಚಿಗೆ ಎರಡು ಕೋಟ್ ನೇಲ್ ಪಾಲಿಶ್ ಹಚ್ಚಿ. ಮೇಲಿನ ಚಿಪ್ ಭಾಗವನ್ನು ಎಪಾಕ್ಸಿಯಲ್ಲಿ ಪೂರ್ತಿ ಮುಚ್ಚಿ. ಡ್ರಿಪ್ಪರ್‌ನಿಂದ ಒಂದಡಿ ದೂರದಲ್ಲಿ, 20ರಿಂದ 25 ಸೆಂ.ಮೀ. ಆಳದಲ್ಲಿ ಹೂಳಿ. ಸುತ್ತ ಗಾಳಿ ಉಳಿಯದಂತೆ ಮಣ್ಣು ಒತ್ತುವುದು ಮುಖ್ಯ. ಸಣ್ಣ ಪೊಳ್ಳು ಉಳಿದರೂ ಒದ್ದೆ ಮಣ್ಣು ಒಣಗಿದಂತೆ ಕಾಣುತ್ತದೆ.

ಸೆನ್ಸರ್‌ನ ತಂತಿಯನ್ನು ಇಎಸ್‌ಪಿ32ರ 32ರಿಂದ 39ರವರೆಗಿನ ಪಿನ್‌ಗಳಲ್ಲೇ ಕೊಡಿ. ಉಳಿದ ಅನಲಾಗ್ ಪಿನ್‌ಗಳು ಎರಡನೇ ಎಡಿಸಿಗೆ (ವೋಲ್ಟೇಜನ್ನು ಅಂಕಿಯಾಗಿಸುವ ಭಾಗ) ಸೇರಿದವು. ವೈಫೈ ಶುರುವಾದ ಕೂಡಲೇ ಅವು ಕೈಕೊಡುತ್ತವೆ. ಟೇಬಲ್ ಮೇಲೆ ಸರಿಯಿದ್ದದ್ದು ತೋಟದಲ್ಲಿ ಕೆಟ್ಟಿತು ಎಂಬ ದೂರಿಗೆ ಇದೇ ಕಾರಣ ಆಗಿರುವುದುಂಟು.

ಶೇಕಡಾ ಲೆಕ್ಕಕ್ಕೆ ಮೊದಲ ದಿನವೇ ಕೈಹಾಕಬೇಡಿ. ಎಡಿಸಿ ಕೊಡುವ 0ರಿಂದ 4095ರೊಳಗಿನ ಅಂಕಿಯನ್ನೇ ಕಳಿಸಿ. ಚೆನ್ನಾಗಿ ನೀರು ಬಿಟ್ಟ ಮರುದಿನ ಎಷ್ಟಿದೆ, ನೀರು ಬಿಡಲೇಬೇಕು ಎಂದು ನಿಮಗೆ ಅನ್ನಿಸುವ ದಿನ ಎಷ್ಟಿದೆ, ಇವೆರಡನ್ನೂ ಬರೆದಿಡಿ. ಒದ್ದೆಯಾದಷ್ಟೂ ಅಂಕಿ ಇಳಿಯುತ್ತದೆ ಎಂಬುದು ನೆನಪಿರಲಿ. ನಾಲ್ಕೂ ಸೆನ್ಸರ್‌ಗಳಿಗೆ ಈ ಜೋಡಿ ಬೇರೆಬೇರೆ ಬರುತ್ತದೆ. ಒಂದರ ಲೆಕ್ಕ ಇನ್ನೊಂದಕ್ಕೆ ಹಾಕಿದರೆ ತಪ್ಪಾಗುತ್ತದೆ.

ಪ್ರ: ಒಂದು ನೋಡ್ ಇದ್ದಾಗ ಚೆನ್ನಾಗಿತ್ತು. ಅದೇ ಪ್ರೋಗ್ರಾಂ ಎರಡನೇ ಬೋರ್ಡ್‌ಗೂ ಹಾಕಿದ ಮೇಲೆ ಎರಡೂ ಕೆಲವೇ ಸೆಕೆಂಡಿಗೊಮ್ಮೆ ಕಡಿದು ಮತ್ತೆ ಸೇರಿಕೊಳ್ಳುತ್ತಿವೆ. ಜೊತೆಗೆ, ಬ್ರೋಕರ್‌ಗೆ ಸಂದೇಶ ಬಂದರೂ ಗ್ರಫಾನಾ ಖಾಲಿ. (ಹುಬ್ಬಳ್ಳಿ)

ಉ: ಎರಡಕ್ಕೂ ಕ್ಲೈಂಟ್ ಐಡಿ (ನೋಡ್ ಬ್ರೋಕರ್‌ಗೆ ಹೇಳುವ ತನ್ನ ಹೆಸರು) ಒಂದೇ ಇದೆ. ಅದೇ ಐಡಿಯ ಎರಡನೆಯವರು ಬಂದರೆ ಮೊದಲಿನವರನ್ನು ಹೊರಹಾಕಬೇಕು ಎಂಬುದು ಎಂಕ್ಯೂಟಿಟಿಯ ನಿಯಮ. ಹೊರಬಿದ್ದದ್ದು ಮತ್ತೆ ಬರುತ್ತದೆ, ಒಳಗಿದ್ದದ್ದು ಹೊರಬೀಳುತ್ತದೆ. ಬೋರ್ಡ್‌ನ ಮ್ಯಾಕ್ ವಿಳಾಸದ (ಪ್ರತಿ ಬೋರ್ಡ್‌ಗೂ ಬೇರೆಯಾದ ಗುರುತು) ಕೊನೆಯ ಆರು ಅಕ್ಷರಗಳನ್ನು ಐಡಿಗೆ ಸೇರಿಸಿದರೆ ಎಷ್ಟು ಬೋರ್ಡ್‌ಗಳಿಗೆ ಹಾಕಿದರೂ ಈ ತಾಪತ್ರಯವಿಲ್ಲ.

ಗ್ರಫಾನಾ ಖಾಲಿ ಇದ್ದಾಗ ಗ್ರಫಾನಾದಲ್ಲಿ ಹುಡುಕಬೇಡಿ. ಸೆನ್ಸರ್, ವೈಫೈ, ಬ್ರೋಕರ್, ಟೆಲಿಗ್ರಾಫ್, ಡೇಟಾಬೇಸ್, ಪರದೆ: ಒಂದೊಂದು ಕೊಂಡಿಯನ್ನೂ ಬೇರೆಯಾಗಿ, ಸೆನ್ಸರ್ ಕಡೆಯಿಂದ ನೋಡುತ್ತಾ ಬನ್ನಿ. ಬ್ರೋಕರ್‌ವರೆಗೆ ಬರುತ್ತಿದೆ ಎಂದು ನೀವೇ ಹೇಳಿದ್ದೀರಿ, ಹಾಗಾಗಿ ಅನುಮಾನ ಟೆಲಿಗ್ರಾಫ್ ಮೇಲೆ. ಜೇಸನ್ (ಹೆಸರು-ಬೆಲೆ ಜೋಡಿಯಾಗಿ ಬರೆಯುವ ಮಾದರಿ) ಸಂದೇಶದಲ್ಲಿ ಅಂಕಿಯ ಸುತ್ತ ಉದ್ಧರಣ ಚಿಹ್ನೆ ಹಾಕಿದ್ದೀರಾ ನೋಡಿ. ಹಾಕಿದ್ದರೆ ಅದು ಅಂಕಿಯಲ್ಲ, ಪಠ್ಯ. ಟೆಲಿಗ್ರಾಫ್‌ನ ಮಾಮೂಲಿ ಜೇಸನ್ ವ್ಯವಸ್ಥೆ ಪಠ್ಯವನ್ನು ಸದ್ದಿಲ್ಲದೆ ಬಿಟ್ಟುಬಿಡುತ್ತದೆ. ಚಿಹ್ನೆ ತೆಗೆದರೆ ಗೆರೆ ಮೂಡುತ್ತದೆ.

ಮುಂದೆ ಸಂದೇಶ ಉದ್ದ ಮಾಡುವುದಿದ್ದರೆ ಇದೂ ಗೊತ್ತಿರಲಿ: ಆರ್ಡುಯಿನೊದಲ್ಲಿ ಹೆಚ್ಚಿನವರು ಬಳಸುವ ಪಬ್‌ಸಬ್‌ಕ್ಲೈಂಟ್ ಲೈಬ್ರರಿಯ ಈಗಿನ ಮಿತಿ ಟಾಪಿಕ್ (ಸಂದೇಶದ ವಿಳಾಸದಂಥ ಹೆಸರು) ಸೇರಿ 256 ಬೈಟ್. ಮೀರಿದರೆ ಸಂದೇಶ ಹೊರಡುವುದೇ ಇಲ್ಲ, ಎಚ್ಚರಿಕೆಯೂ ಬರುವುದಿಲ್ಲ. ಸಂದೇಶ ಕಳಿಸುವ ‘ಪಬ್ಲಿಶ್’ ಆಜ್ಞೆ ‘ಸುಳ್ಳು’ (false) ಎಂದಷ್ಟೇ ಉತ್ತರಿಸುತ್ತದೆ, ಅದನ್ನು ಪ್ರೋಗ್ರಾಂ ಪರೀಕ್ಷಿಸಬೇಕು.

ಪ್ರ: 2600 ಎಂಎಎಚ್ ಸೆಲ್ ಎರಡು ದಿನವೂ ಬರುತ್ತಿಲ್ಲ. ಡೀಪ್ ಸ್ಲೀಪ್ ಹಾಕಿದರೂ ಹತ್ತು ದಿನಕ್ಕೆ ಮುಗಿಯುತ್ತದೆ. (ಶಿರಸಿ)

ಉ: ಎಚ್ಚರವಿರುವ ಇಎಸ್‌ಪಿ32 ಸರಾಸರಿ 90 ಮಿಲಿಆಂಪ್ ಎಳೆದರೂ 2600 ಎಂಎಎಚ್ ಮುಗಿಯಲು 29 ಗಂಟೆ ಸಾಕು. ಡೀಪ್ ಸ್ಲೀಪ್‌ನಲ್ಲಿ ಚಿಪ್ ಎಳೆಯುವುದು ಸುಮಾರು 10 ಮೈಕ್ರೊಆಂಪ್, ನಿಜ. ಆದರೆ ಚಿಪ್ ಮಲಗಿದರೂ ಬೋರ್ಡ್ ಮಲಗುವುದಿಲ್ಲ. ಕೆಂಪು ಎಲ್‌ಇಡಿ, ಯುಎಸ್‌ಬಿ ಚಿಪ್, 1117 ರೆಗ್ಯುಲೇಟರ್ ಸೇರಿ ಹತ್ತು ಮಿಲಿಆಂಪ್‌ವರೆಗೂ ಕುಡಿಯುತ್ತವೆ. ನಿಮ್ಮ ಹತ್ತು ದಿನದ ಲೆಕ್ಕ ಅಲ್ಲಿಗೆ ಸರಿಹೋಯಿತು.

ಬರಿಯ ಇಎಸ್‌ಪಿ32 ಮಾಡ್ಯೂಲ್ ತೆಗೆದುಕೊಂಡು ಎಪಿ2112ರಂಥ ರೆಗ್ಯುಲೇಟರ್ ಹಾಕಿ. ಅದು 600 ಮಿಲಿಆಂಪ್ ಕೊಡುತ್ತದೆ, ತಾನು ಎಳೆಯುವುದು 55 ಮೈಕ್ರೊಆಂಪ್ ಆಸುಪಾಸು. ಸೆನ್ಸರ್ ಕೂಡ ಸುಮಾರು 5 ಮಿಲಿಆಂಪ್ ಎಳೆಯುವುದರಿಂದ ಅದರ ವಿದ್ಯುತ್ತನ್ನು ಒಂದು ಪಿನ್‌ನಿಂದ ಕೊಡಿ: ಎದ್ದಾಗ ಹಾಕಿ, 200 ಮಿಲಿಸೆಕೆಂಡ್ ಕಾದು ಓದಿ, ಆರಿಸಿ. 15 ನಿಮಿಷಕ್ಕೊಮ್ಮೆ ಎದ್ದು 5 ಸೆಕೆಂಡ್ ಕೆಲಸ ಮಾಡಿದರೆ, 100 ಮಿಲಿಆಂಪ್‌ನಂತೆ ದಿನಕ್ಕೆ ಸುಮಾರು 13 ಎಂಎಎಚ್, ನಿದ್ದೆಯದು ಇನ್ನೊಂದೂವರೆ. ಸೆಲ್‌ನ ಶೇ 80ರಷ್ಟು ಮಾತ್ರ ಬಳಕೆಗೆ ಎಂದುಕೊಂಡರೂ ನಾಲ್ಕು ತಿಂಗಳು ದಾಟುತ್ತದೆ. ಸ್ಥಿರ ಐಪಿ ಕೊಟ್ಟರೆ ವೈಫೈ ಬೇಗ ಸೇರುತ್ತದೆ, ಆ ಉಳಿತಾಯವೂ ಸಿಗುತ್ತದೆ.

ಪಬ್ಲಿಶ್ ಆದ ತಕ್ಷಣ ನಿದ್ದೆಗೆ ಕಳಿಸಬೇಡಿ. ಆ ಕ್ಷಣಕ್ಕೆ ಸಂದೇಶ ಇನ್ನೂ ಬೋರ್ಡ್‌ನೊಳಗೇ ಇರಬಹುದು. ಡಿಸ್ಕನೆಕ್ಟ್ ಕರೆದು, ಕಾಲು ಸೆಕೆಂಡ್ ಬಿಟ್ಟು ಮಲಗಿಸಿ.

ಪ್ರ: ಪಾಲಿಹೌಸ್‌ನ ಉಷ್ಣಾಂಶ ಮೂರು ದಿನ 27 ಡಿಗ್ರಿ ಎಂದೇ ತೋರಿಸಿತು. ಹೋಗಿ ನೋಡಿದರೆ ನೋಡ್ ಸತ್ತಿತ್ತು. (ಕೋಲಾರ)

ಉ: ಇದು ಎಲ್ಲಕ್ಕಿಂತ ಗಂಭೀರ ತೊಂದರೆ. ಖಾಲಿ ಪರದೆ ಕಂಡರೆ ಜನ ಎದ್ದು ಹೋಗಿ ನೋಡುತ್ತಾರೆ. 27 ಡಿಗ್ರಿ ಕಂಡರೆ ನೆಮ್ಮದಿಯಾಗಿ ಇರುತ್ತಾರೆ. ಹಳೆಯ ಅಂಕಿ ಉಳಿಯುವುದು ಎರಡು ಕಡೆ. ರಿಟೇನ್ ಗುರುತು ಹಾಕಿ ಕಳಿಸಿದ್ದನ್ನು ಬ್ರೋಕರ್ ಇಟ್ಟುಕೊಂಡು ಹೊಸದಾಗಿ ಬಂದವರಿಗೆಲ್ಲ ಕೊಡುತ್ತದೆ. ಗ್ರಫಾನಾದ ಒಂಟಿ ಅಂಕಿಯ ಫಲಕವೂ ಆಯ್ದ ಅವಧಿಯಲ್ಲಿ ಕೊನೆಗೆ ಬಂದದ್ದನ್ನೇ ತೋರಿಸುತ್ತದೆ. ಅವಧಿ ಏಳು ದಿನವೆಂದಿದ್ದರೆ ಏಳು ದಿನವೂ 27.

ಅಳತೆಗಳಿಗೆ ರಿಟೇನ್ ಬೇಡ. ಪ್ರತಿ ಅಂಕಿಯ ಪಕ್ಕ ‘ಕೊನೆಯ ಸಂದೇಶ ಬಂದು ಎಷ್ಟು ನಿಮಿಷ’ ಎಂಬ ಫಲಕ ಇಡಿ. ಅಂತರ 15 ನಿಮಿಷವಿದ್ದರೆ 45 ದಾಟಿದಾಗ ಕೆಂಪಾಗಲಿ, ಫೋನಿಗೆ ಎಚ್ಚರಿಕೆ ಬರಲಿ. ಸಂಪರ್ಕ ಕಡಿದಾಗ ಬ್ರೋಕರ್ ತಾನೇ ಸಾರುವ ‘ಲಾಸ್ಟ್ ವಿಲ್’ ಸೌಲಭ್ಯ ಸದಾ ಎಚ್ಚರವಿರುವ ನೋಡ್‌ಗೆ ಒಳ್ಳೆಯದು. ಮಲಗಿ ಏಳುವ ನೋಡ್‌ಗೆ ಅದು ಉಪಯೋಗಕ್ಕಿಲ್ಲ, ಏಕೆಂದರೆ ಅದು ಪ್ರತಿಸಲ ಕ್ರಮವಾಗಿ ಹೇಳಿಯೇ ಹೊರಡುತ್ತದೆ. ಸೆಲ್‌ನ ವೋಲ್ಟೇಜ್ ಕೂಡ ಕಳಿಸಿ. ಸಾಯುವ ಮೊದಲೇ ಇಳಿಯುವುದು ಕಾಣುತ್ತದೆ.

ನಿಮ್ಮ ಉಷ್ಣಾಂಶ ಸೆನ್ಸರ್ ಡಿಎಸ್18ಬಿ20 ಆಗಿದ್ದರೆ 85 ಮತ್ತು ಮೈನಸ್ 127 ಎಂಬ ಅಂಕಿಗಳನ್ನು ನೋಡ್‌ನಲ್ಲೇ ತಡೆಯಿರಿ. 85 ಎಂದರೆ ಅಳೆಯುವ ಮೊದಲೇ ಓದಿದ್ದೀರಿ, 750 ಮಿಲಿಸೆಕೆಂಡ್ ಕಾಯಬೇಕು. ಮೈನಸ್ 127 ಎಂದರೆ ಸೆನ್ಸರ್ ಸಿಗುತ್ತಿಲ್ಲ. ತಂತಿ ಮತ್ತು 4.7 ಕಿಲೊಓಮ್ ರೆಸಿಸ್ಟರ್ ನೋಡಿ.

ಪ್ರ: ತೋಟದ ತುದಿಗೆ ವೈಫೈ ಬರುವುದಿಲ್ಲ. (ಸುಳ್ಯ)

ಉ: ಲೋರಾ (ಕಡಿಮೆ ವಿದ್ಯುತ್ತಿನಲ್ಲಿ ದೂರ ತಲುಪುವ ರೇಡಿಯೊ) ಹಾಕಿ. ನೋಡ್ ಲೋರಾದಲ್ಲಿ ಕಳಿಸಲಿ, ಮನೆಯ ಮಾಡಿನ ಮೇಲೆ ಇರುವ ಇನ್ನೊಂದು ಬೋರ್ಡ್ ಅದನ್ನು ಎಂಕ್ಯೂಟಿಟಿಗೆ ಬದಲಿಸಲಿ. ನಮ್ಮಲ್ಲಿ ಪರವಾನಗಿ ಬೇಡದ ಪಟ್ಟಿ 865ರಿಂದ 868 ಮೆಗಾಹರ್ಟ್ಸ್. ಮಾಡ್ಯೂಲ್ ಮತ್ತು ಆಂಟೆನಾ ಎರಡೂ ಅದಕ್ಕೇ ಹೊಂದುವಂಥವು ಇರಲಿ. ಆಂಟೆನಾ ಇಲ್ಲದೆ ಚಾಲೂ ಮಾಡಿದರೆ ಮಾಡ್ಯೂಲ್ ಸುಟ್ಟುಹೋಗಬಹುದು.

ಪ್ರ: ಇದೇ ಬ್ರೋಕರ್‌ನಿಂದ ಪಂಪ್‌ಸೆಟ್ ಸ್ಟಾರ್ಟರ್ ಕೂಡ ನಡೆಸಬಹುದೇ? (ಪುತ್ತೂರು)

ಉ: ಬಹುದು, ಆದರೆ ಅಳತೆಗೆ ನಡೆಯುವ ಸಡಿಲಿಕೆ ಮೋಟಾರಿಗೆ ನಡೆಯುವುದಿಲ್ಲ. ಮಾಸ್ಕಿಟೊ 2.0ರಿಂದ ಈಚೆಗೆ ಹೊರಗಿನವರನ್ನೂ ಪಾಸ್‌ವರ್ಡ್ ಇಲ್ಲದವರನ್ನೂ ತಾನಾಗಿ ಸೇರಿಸುವುದಿಲ್ಲ. ಸಂಪರ್ಕ ಸಿಗಲಿಲ್ಲವೆಂದು ‘ಅನಾಮಿಕರಿಗೂ ಅವಕಾಶ’ ಎಂಬ ಸಾಲು ಸೇರಿಸಿ 1883ನೇ ಪೋರ್ಟ್ ತೆರೆದಿಟ್ಟರೆ, ಯಾರು ಬೇಕಾದರೂ ನಿಮ್ಮ ಟಾಪಿಕ್ ಓದಿ, ನಿಮ್ಮ ಮೋಟಾರ್ ಚಾಲೂ ಮಾಡಬಹುದು. ಪ್ರತಿ ನೋಡ್‌ಗೂ ಬೇರೆ ಪಾಸ್‌ವರ್ಡ್, 8883ನೇ ಪೋರ್ಟ್‌ನಲ್ಲಿ ಟಿಎಲ್‌ಎಸ್ (ಸಂದೇಶವನ್ನು ಗುಪ್ತವಾಗಿಡುವ ವ್ಯವಸ್ಥೆ), ಯಾವ ನೋಡ್ ಯಾವ ಟಾಪಿಕ್‌ಗೆ ಬರೆಯಬಹುದು ಎಂಬ ಪಟ್ಟಿ, ಮೂರೂ ಬೇಕು. ನೋಡ್‌ನಲ್ಲಿ ಸರ್ವರ್‌ಗೆ ಸರ್ಟಿಫಿಕೇಟ್ ಕೊಡುವ ಮೂಲ ಪ್ರಾಧಿಕಾರದ ಸರ್ಟಿಫಿಕೇಟ್ ಇಡಿ. ಸರ್ವರ್‌ನದನ್ನೇ ಇಟ್ಟರೆ ಅದು ಬದಲಾದ ದಿನ ಸಂಪರ್ಕ ನಿಲ್ಲುತ್ತದೆ. ಟಿಎಲ್‌ಎಸ್‌ಗೆ ಮೊದಲು ಎನ್‌ಟಿಪಿಯಿಂದ (ಇಂಟರ್‌ನೆಟ್ ಸಮಯ ಸೇವೆ) ಸಮಯ ತರಿಸಿಕೊಳ್ಳಿ, 1970ರಲ್ಲೇ ಇರುವ ಗಡಿಯಾರಕ್ಕೆ ಯಾವ ಸರ್ಟಿಫಿಕೇಟೂ ಊರ್ಜಿತವಲ್ಲ.

ಮೋಟಾರಿನ ‘ಆನ್’ ಆದೇಶವನ್ನು ಯಾವತ್ತೂ ರಿಟೇನ್ ಮಾಡಬೇಡಿ. ಕರೆಂಟ್ ಹೋಗಿ ರಾತ್ರಿ ಎರಡಕ್ಕೆ ಬಂದರೆ ನೋಡ್ ಮತ್ತೆ ಬ್ರೋಕರ್ ಸೇರುತ್ತದೆ, ನಿನ್ನೆಯ ‘ಆನ್’ ಆಗಲೇ ಕೈಗೆ ಸಿಗುತ್ತದೆ, ಬಾವಿಯಲ್ಲಿ ಯಾರಿದ್ದಾರೆ, ನೀರಿದೆಯೇ ಎಂದು ನೋಡದೆ ಮೋಟಾರ್ ಓಡುತ್ತದೆ. ಆದೇಶದ ಜೊತೆ ಕೊಟ್ಟ ಸಮಯವನ್ನೂ ಕಳಿಸಿ, ಒಂದು ನಿಮಿಷಕ್ಕಿಂತ ಹಳೆಯದನ್ನು ನೋಡ್ ತಿರಸ್ಕರಿಸಲಿ. ಎಷ್ಟು ಹೊತ್ತು ಓಡಬೇಕು ಎಂಬುದನ್ನು ನೋಡ್ ತಾನೇ ಎಣಿಸಿ ನಿಲ್ಲಿಸಲಿ, ‘ಆಫ್’ ಸಂದೇಶಕ್ಕಾಗಿ ಕಾಯುವುದು ಬೇಡ. ಓವರ್‌ಲೋಡ್ ರಿಲೇ ಮತ್ತು ಡ್ರೈ ರನ್ ರಕ್ಷಣೆ ಸ್ಟಾರ್ಟರ್‌ನಲ್ಲೇ ಇರಲಿ. ಸ್ಟಾರ್ಟರ್ ಪಕ್ಕ ಕೈಯಿಂದ ತಿರುಗಿಸುವ ಸ್ವಿಚ್ ಒಂದಿರಲಿ. ರಿಪೇರಿಗೆ ಬಾವಿಗೆ ಇಳಿಯುವವರು ಅದನ್ನು ಆಫ್ ಮಾಡಿ, ಫ್ಯೂಸ್ ಕಿತ್ತು ಜೊತೆಗೆ ಇಟ್ಟುಕೊಂಡೇ ಇಳಿಯಬೇಕು.