ವಿದೇಶದ ಸೇನಾ ನೆಲೆಗಳನ್ನು ಕಡಿಮೆ ಮಾಡಲು ಒಂದು ದೇಶ ಹೇಗೆ ಯೋಜನೆ ಹಾಕುತ್ತದೆ?

ಸೈನಿಕರನ್ನು ಹಡಗು ಹತ್ತಿಸುವುದು ಸುಲಭದ ಭಾಗ. ಯಾವಾಗ ಹೊರಡುತ್ತೇವೆ, ಬಿಟ್ಟ ಜಾಗ ಯಾರಿಗೆ ಅನ್ನುವುದೇ ತಲೆನೋವು. ಬ್ರಿಟನ್ ಸಿಂಗಾಪುರದಿಂದ ಹೊರಟ ಕಥೆ ನೋಡಿ.

1967ರ ಮಧ್ಯದಲ್ಲಿ ಅವರ ಲೆಕ್ಕ ನಿಧಾನದ್ದೇ ಇತ್ತು: ಮೊದಲು ಅರ್ಧ ಸೇನೆ ವಾಪಸ್, 1970ರ ದಶಕದ ಮಧ್ಯದ ಹೊತ್ತಿಗೆ ಪೂರ್ತಿ ಖಾಲಿ. ಆದರೆ ಅದೇ ನವೆಂಬರ್‌ನಲ್ಲಿ ಪೌಂಡ್ ಬೆಲೆಯನ್ನು 2.80 ಡಾಲರ್‌ನಿಂದ 2.40ಕ್ಕೆ ಇಳಿಸಬೇಕಾಯಿತು. ಖಜಾನೆ ಒತ್ತಡಕ್ಕೆ ಯೋಜನೆ ಬದಲಾಯಿತು. 1968ರ ಜನವರಿಯಲ್ಲಿ ಪ್ರಧಾನಿ ಹೆರಾಲ್ಡ್ ವಿಲ್ಸನ್, 1971ರ ಕೊನೆಗೆ ಸಿಂಗಾಪುರ, ಮಲೇಷ್ಯಾ, ಪರ್ಷಿಯನ್ ಕೊಲ್ಲಿಯಿಂದ ಹೊರಡುತ್ತೇವೆ ಎಂದುಬಿಟ್ಟರು. ಮೊದಲು ಯೋಚಿಸಿದ್ದು 1971ರ ಮಾರ್ಚ್. ಸಿಂಗಾಪುರದ ಪ್ರಧಾನಿ ಲೀ ಕುವಾನ್ ಯೂ ಲಂಡನ್‌ಗೇ ಹೋಗಿ ಪಟ್ಟು ಹಿಡಿದ ಮೇಲೆ ಒಂಬತ್ತು ತಿಂಗಳು ಜಾಸ್ತಿ ಸಿಕ್ಕಿತು.

ಅವರು ಸುಮ್ನೆ ಹಟ ಮಾಡಲಿಲ್ಲ. ಸಿಂಗಾಪುರದ ಆದಾಯದ ಸುಮಾರು ಐದನೇ ಒಂದು ಭಾಗ ಈ ನೆಲೆಗಳಿಂದಲೇ ಬರುತ್ತಿತ್ತು. ಸಾವಿರಾರು ಜನರ ಕೆಲಸ ಹೋಗುವುದರಲ್ಲಿತ್ತು. ಕೊನೆಗೆ ಸೆಂಬವಾಂಗ್‌ನ ನೌಕಾ ಹಡಗುಕಟ್ಟೆಯನ್ನು ಸಿಂಗಾಪುರಕ್ಕೇ ಬಿಟ್ಟುಕೊಟ್ಟರು. ಯುದ್ಧನೌಕೆ ರಿಪೇರಿಯಾಗುತ್ತಿದ್ದ ಜಾಗ ವ್ಯಾಪಾರಿ ಹಡಗುಗಳ ಯಾರ್ಡ್ ಆಯಿತು. ನನ್ನ ಪ್ರಕಾರ ಇಡೀ ಯೋಜನೆಯಲ್ಲಿ ಜಾಣತನದ ಕೆಲಸ ಇದೇ.

ರಕ್ಷಣೆಗೆ? 1971ರಲ್ಲಿ ಬ್ರಿಟನ್, ಆಸ್ಟ್ರೇಲಿಯಾ, ನ್ಯೂಜಿಲೆಂಡ್, ಮಲೇಷ್ಯಾ, ಸಿಂಗಾಪುರ ಸೇರಿ ಐದು ದೇಶಗಳ ಒಪ್ಪಂದ ಮಾಡಿಕೊಂಡವು. ದಾಳಿಯಾದರೆ ಕೂತು ಮಾತಾಡೋಣ ಅನ್ನುವಷ್ಟೇ ಅದರ ಭರವಸೆ. ಕಡಿಮೆ ಅನಿಸುತ್ತೆ ಅಲ್ವಾ? ಆದರೂ ಆ ಒಪ್ಪಂದ ಇವತ್ತಿಗೂ ಚಾಲ್ತಿಯಲ್ಲಿದೆ.