ಟಿಎಸ್‌ಎಚ್ ಸರಿಯಿದ್ದರೂ ಕತ್ತು ಉಬ್ಬಿದೆಯೇಕೆ?

ಪ್ರಶ್ನೆ: ನನಗೆ 34 ವರ್ಷ. ಕೆಲವು ತಿಂಗಳಿಂದ ಕತ್ತಿನ ಮುಂಭಾಗ ಉಬ್ಬಿದಂತೆ ಕಾಣುತ್ತಿದೆ, ನೋವಿಲ್ಲ. ಥೈರಾಯ್ಡ್ ರಕ್ತ ಪರೀಕ್ಷೆಯಲ್ಲಿ ಟಿಎಸ್‌ಎಚ್ 2.4 ಬಂದಿದೆ, ಸಹಜ ಎಂದರು. ಅಯೋಡಿನ್ ಕೊರತೆ ಎನ್ನುತ್ತಾರೆ ಮನೆಯವರು. ಆದರೆ ನಾವು ಬಳಸುವುದೇ ಅಯೋಡಿನ್ ಉಪ್ಪು. ಮತ್ತೇಕೆ ಈ ಊತ?

ಉತ್ತರ: ಮೊದಲು ಕನ್ನಡಿಯ ಮುಂದೆ ನಿಂತು, ಗಲ್ಲವನ್ನು ತುಸು ಮೇಲೆತ್ತಿ ಒಂದು ಗುಟುಕು ನೀರು ನುಂಗಿ. ನುಂಗುವಾಗ ಉಬ್ಬು ಮೇಲಕ್ಕೆ ಸರಿದು ಕೆಳಗಿಳಿದರೆ ಅದು ಬಹುತೇಕ ಥೈರಾಯ್ಡಿನದೇ. ಈ ಗ್ರಂಥಿ ಶ್ವಾಸನಾಳಕ್ಕೆ ಅಂಟಿಕೊಂಡಿರುತ್ತದೆ. ಕೊಬ್ಬಿನ ಮಡಿಕೆ ಹಾಗೆ ಏರಿಳಿಯುವುದಿಲ್ಲ.

ಟಿಎಸ್‌ಎಚ್ ಹೇಳುವುದು ಗ್ರಂಥಿಯ ಕೆಲಸದ ಬಗ್ಗೆ, ಗಾತ್ರದ ಬಗ್ಗೆ ಅಲ್ಲ. ವರದಿ ಸಹಜವಿದೆ ಎಂದು ಊತವನ್ನು ಅಲ್ಲಿಗೇ ಬಿಟ್ಟುಬಿಡುವವರನ್ನು ನಾನು ಆಗಾಗ ನೋಡುತ್ತೇನೆ.

ಮನೆಯವರ ಮಾತನ್ನೂ ತಳ್ಳಿಹಾಕಲಾಗದು. ಜಗತ್ತಿನಲ್ಲಿ ಗಳಗಂಡಕ್ಕೆ, ಅಂದರೆ ಥೈರಾಯ್ಡ್ ಊತಕ್ಕೆ, ಮುಖ್ಯ ಕಾರಣ ಇಂದಿಗೂ ಅಯೋಡಿನ್ ಕೊರತೆಯೇ. ವಯಸ್ಕರಿಗೆ ದಿನಕ್ಕೆ ಬೇಕಾದದ್ದು 150 ಮೈಕ್ರೋಗ್ರಾಂ ಅಷ್ಟೇ. ಅದೂ ಸಿಗದಿದ್ದರೆ ಥೈರಾಯ್ಡ್ ಹಾರ್ಮೋನು ತಗ್ಗುತ್ತದೆ, ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿ ಹೆಚ್ಚು ಟಿಎಸ್‌ಎಚ್ ಸುರಿಸಿ ಥೈರಾಯ್ಡನ್ನು ದುಡಿಸುತ್ತದೆ, ದುಡಿದು ದುಡಿದು ಅದು ಹಿಗ್ಗುತ್ತದೆ. ಅಯೋಡಿನ್ ಉಪ್ಪು ಬಳಸುವ ನಿಮ್ಮಲ್ಲಿ ಇದರ ಸಾಧ್ಯತೆ ಕಡಿಮೆ.

ನನ್ನ ಅನುಮಾನ ಎರಡರ ಮೇಲೆ. ಒಂದು, 1912ರಲ್ಲಿ ಜಪಾನಿನ ವೈದ್ಯ ಹಾಶಿಮೊಟೊ ವಿವರಿಸಿದ ಉರಿಯೂತ. ದೇಹದ ರಕ್ಷಣಾ ಕಣಗಳೇ ಗ್ರಂಥಿಯೊಳಗೆ ಬೀಡುಬಿಟ್ಟು ಅದನ್ನು ಊದಿಸುತ್ತವೆ. ಆರಂಭದ ವರ್ಷಗಳಲ್ಲಿ ಟಿಎಸ್‌ಎಚ್ ಸಹಜವಾಗಿಯೇ ಇರಬಹುದು. ಥೈರಾಯ್ಡಿನ ವಿರುದ್ಧ ದೇಹವೇ ತಯಾರಿಸುವ ಟಿಪಿಒ ಪ್ರತಿಕಾಯದ ರಕ್ತ ಪರೀಕ್ಷೆ ಇದರ ಸುಳಿವು ಕೊಡುತ್ತದೆ. ಇನ್ನೊಂದು, ಗಂಟುಗಳು. ಗಂಟು ಎಂದೊಡನೆ ಕ್ಯಾನ್ಸರ್ ಎಂದು ಎದೆ ಹೊಡೆದುಕೊಳ್ಳಬೇಡಿ, ಹತ್ತರಲ್ಲಿ ಒಂಬತ್ತಕ್ಕೂ ಹೆಚ್ಚು ನಿರುಪದ್ರವಿ. ಕತ್ತಿನ ಅಲ್ಟ್ರಾಸೌಂಡ್ ಮಾಡಿಸಿ. ಸೂಜಿಯಿಂದ ಗಂಟಿನ ಕಣ ತೆಗೆದು ನೋಡುವ ಪರೀಕ್ಷೆ ಬೇಕೋ ಬೇಡವೋ ಎಂಬುದು ಗಂಟಿನ ಗಾತ್ರ ಮತ್ತು ರೂಪದ ಮೇಲೆ ನಿರ್ಧಾರವಾಗುತ್ತದೆ.

ಥೈರಾಯ್ಡ್ ಅತಿಯಾಗಿ ದುಡಿಯುವ ಗ್ರೇವ್ಸ್ ಕಾಯಿಲೆಯಲ್ಲೂ ಗ್ರಂಥಿ ಊದುತ್ತದೆ, ಆದರೆ ಅಲ್ಲಿ ಸಾಮಾನ್ಯವಾಗಿ ಟಿಎಸ್‌ಎಚ್ ಕುಸಿದಿರುತ್ತದೆ. ಗರ್ಭಧಾರಣೆ, ಮಾನಸಿಕ ಕಾಯಿಲೆಗೆ ಕೊಡುವ ಲಿಥಿಯಂ ಅಥವಾ ಹೃದಯ ಬಡಿತದ ಏರುಪೇರಿಗೆ ಕೊಡುವ ಅಮಿಯೊಡರೋನ್ ಮಾತ್ರೆಗಳೂ ಕಾರಣವಾಗಬಲ್ಲವು. ಇವುಗಳಲ್ಲಿ ಯಾವುದಾದರೂ ಅನ್ವಯಿಸಿದರೆ ವೈದ್ಯರಿಗೆ ತಿಳಿಸಿ.

ಕಾರಣ ತಿಳಿಯುವ ಮೊದಲೇ ಅಯೋಡಿನ್ ಹನಿ, ಮಾತ್ರೆ ತೆಗೆದುಕೊಳ್ಳಬೇಡಿ. ಹಾಶಿಮೊಟೊ ಇದ್ದರೆ ಅತಿಯಾದ ಅಯೋಡಿನ್ ಗ್ರಂಥಿಯನ್ನು ಇನ್ನಷ್ಟು ಕೆಡಿಸಬಹುದು. ಧ್ವನಿ ಒಡೆದರೆ, ನುಂಗಲು ಕಷ್ಟವಾದರೆ, ಉಬ್ಬು ಗಟ್ಟಿಯಾಗಿ ವಾರಗಳಲ್ಲೇ ಬೆಳೆದರೆ ಬೇಗನೆ ವೈದ್ಯರನ್ನು ಕಾಣಿ. ಉಸಿರು ಕಟ್ಟಿದಂತಾದರೆ ಆ ಕ್ಷಣವೇ ಆಸ್ಪತ್ರೆಗೆ ಹೋಗಿ.