ಬೆಕ್ಕು ಕಚ್ಚಿದ ಸಾಕುಹಾವಿಗೆ ಮೈಸೂರಿನಲ್ಲಿ ಚಿಕಿತ್ಸೆ ಕೊಡಿಸುವುದು ಹೇಗೆ?

ತಮ್ಮ ಬಾಲ್ ಪೈಥಾನ್‌ಗೆ (ಆಫ್ರಿಕಾ ಮೂಲದ, ವಿಷವಿಲ್ಲದ ಸಣ್ಣ ಹೆಬ್ಬಾವು) ಬೆಕ್ಕು ಕಚ್ಚಿದ್ದು, ಎರಡು ಸಣ್ಣ ತೂತುಗಳಷ್ಟೇ ಕಾಣುತ್ತಿರುವುದರಿಂದ ಕಾದು ನೋಡಬಹುದೇ ಎಂದು ಕೇಳಿದ್ದೀರಿ. ಕಾಯಬಾರದು, ಇಂದೇ ವೈದ್ಯರಿಗೆ ತೋರಿಸಬೇಕು. ಬೆಕ್ಕಿನ ಹಲ್ಲು ಸೂಜಿಯಂತೆ ಆಳಕ್ಕಿಳಿದು, ಅದರ ಬಾಯಲ್ಲಿರುವ ಪಾಶ್ಚುರೆಲ್ಲಾದಂತಹ ಬ್ಯಾಕ್ಟೀರಿಯಾಗಳನ್ನು ಒಳಗೆ ಬಿಟ್ಟುಬರುತ್ತದೆ. ಮೇಲಿನ ಗಾಯ ಮುಚ್ಚಿಕೊಂಡರೂ ಒಳಗೆ ಕೀವಾಗಬಹುದು, ಹಾವಿನಲ್ಲಿ ಸೋಂಕಿನ ಲಕ್ಷಣಗಳು ತಡವಾಗಿ ಕಾಣುವುದರಿಂದ ಅದು ಮಂಕಾಗುವ ಹೊತ್ತಿಗೆ ಸೋಂಕು ರಕ್ತಕ್ಕೆ ಸೇರಿರಲೂಬಹುದು.

ಸಾಮಾನ್ಯ ಪಶುವೈದ್ಯರಲ್ಲಿ ಎಲ್ಲರೂ ಹಾವುಗಳಿಗೆ ಚಿಕಿತ್ಸೆ ನೀಡುವುದಿಲ್ಲ, ಆದ್ದರಿಂದ ಹೊರಡುವ ಮುನ್ನ ಫೋನ್ ಮಾಡಿ ಸರೀಸೃಪಗಳನ್ನು ನೋಡುತ್ತಾರೆಯೇ ಎಂದು ವಿಚಾರಿಸಿ. ಮೈಸೂರಿನಲ್ಲಿ ಯಾರೂ ಸಿಗದಿದ್ದರೆ ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆಯನ್ನು ವಿಚಾರಿಸಬಹುದು. ಅಲ್ಲಿಯವರೆಗೆ ಗಾಯವನ್ನು ನೀರು ಬೆರೆಸಿ ತೆಳುವಾಗಿಸಿದ ಪೊವಿಡೋನ್ ಅಯೋಡಿನ್‌ನಿಂದ (ಗಾಯದ ಸೋಂಕು ತಡೆಯುವ ಔಷಧ) ಒರೆಸಿ, ಗೂಡಿನಲ್ಲಿ ತೆಂಗಿನನಾರಿನ ಹಾಸಿನ ಬದಲು ಬಿಳಿ ಕಾಗದ ಹಾಸಿ, ಗೂಡಿನ ಬೆಚ್ಚಗಿನ ಬದಿಯನ್ನು 31–32 ಡಿಗ್ರಿ ಸೆಲ್ಸಿಯಸ್‌ನಲ್ಲಿಡಿ, ಏಕೆಂದರೆ ಹಾವಿನ ಮೈ ತಣ್ಣಗಿದ್ದರೆ ಅದರ ರೋಗನಿರೋಧಕ ಶಕ್ತಿಯೂ ಕುಗ್ಗುತ್ತದೆ. ಅರಿಶಿನ ಮೆತ್ತುವುದು (ನಮ್ಮ ಮನೆಗಳಲ್ಲಿ ಕೈ ಮೊದಲು ಹೋಗುವುದೇ ಅದಕ್ಕೆ), ಮನುಷ್ಯರ ಮಾತ್ರೆ ಕೊಡುವುದು, ಇಲಿ ತಿನ್ನಿಸುವುದು ಬೇಡ. ಹಾವನ್ನು ಹತ್ತಿಬಟ್ಟೆಯ ಚೀಲದಲ್ಲಿ ಹಾಕಿ, ಗಾಳಿಯಾಡುವ ಡಬ್ಬಿಯಲ್ಲಿಟ್ಟು ಒಯ್ಯಿರಿ.

ವಿದೇಶಿ ಹಾವಾದ್ದರಿಂದ ನೋಂದಣಿ ಪತ್ರವೂ ಜೊತೆಗಿರಲಿ. ಇದೇ ಪ್ರಶ್ನೆ ಕೇರೆಹಾವಿನದಾಗಿದ್ದರೆ ಉತ್ತರ ಬೇರೆಯಾಗುತ್ತಿತ್ತು: 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅದನ್ನು ಸಾಕುವಂತಿಲ್ಲ, ಗಾಯಗೊಂಡಿದ್ದರೆ ಅರಣ್ಯ ಇಲಾಖೆಗೇ ತಿಳಿಸಬೇಕು.